ಸಾರು ಒಡೆಸುವ ಕಣ್ಣು

ಪಿರಾಯೂ ಊರಿನಲ್ಲಿ ನಿಮಿಯಾಳ ಮನೆ ಯಾವುದೆಂದು ಕೇಳಿದರೆ ಜನ ಒಂದು ಗಳಿಗೆ ಯೋಚಿಸುತ್ತಾರೆ. ನ್ಯಾ ಪಾಬ್ಲಾಳ ಸೊಸೆ, ಆ ಸಾರು ಒಡೆಸುವವಳು, ಎಂದರೆ ಸಾಕು, ಅಂಬೆಗಾಲಿಡುವ ಕೂಸೂ ಬೆರಳು ಮಾಡಿ ತೋರಿಸೀತು. ಇಪ್ಪತ್ತೈದು ವರ್ಷ ಒಂದೇ ಮನೆಯಲ್ಲಿ ಕಸ ಮುಸುರೆ ಬಳಿದು, ಒಬ್ಬ ಮಗಳನ್ನು ಹೆತ್ತು ಬೆಳೆಸಿ, ಅತ್ತೆಯ ಭುಜದ ನೋವಿಗೆ ದಿನಾ ಕೊಬ್ಬು ಕಾಯಿಸಿ ತಿಕ್ಕಿದ ಹೆಂಗಸು ಸಂಪಾದಿಸಿದ ಹೆಸರು ಇದು.

ಸೊಯೊ ಎಂಬ ಈ ಮಾಂಸದ ಸಾರು ಮಾಡುವುದು ಜನ ಹೇಳುವಷ್ಟು ಕಷ್ಟವಲ್ಲ, ಕೆಡುವುದು ಮಾತ್ರ ಸುಲಭ. ಕೊಬ್ಬಿಲ್ಲದ ದನದ ಮಾಂಸವನ್ನು ಒಂದು ಹಿಡಿ ಅಕ್ಕಿಯ ಜೊತೆ ಮರದ ಒರಳಿಗೆ ಹಾಕಿ ನುಣ್ಣಗೆ ಕುಟ್ಟಿ ತಣ್ಣೀರಿನಲ್ಲಿ ಕದಡಬೇಕು. ಈರುಳ್ಳಿ, ಟೊಮೆಟೊ, ದಪ್ಪ ಮೆಣಸಿನಕಾಯಿಯನ್ನು ದನದ ಕೊಬ್ಬಿನಲ್ಲಿ ಬಾಡಿಸಿ ಆರಿಸಿ, ಅದರ ಮೇಲೆ ಈ ಕದಡಿದ ಮಾಂಸ ಸುರಿದು ಒಲೆಗಿಟ್ಟು, ಕುದಿ ಬರುವವರೆಗೆ ಸೌಟು ನಿಲ್ಲದಂತೆ ತಿರುವುತ್ತಿರಬೇಕು. ಸೌಟು ನಿಂತಿತೋ, ಸಾರು ಒಡೆಯಿತು. ಮೇಲೆ ಪಾತ್ರೆ ತೊಳೆದಂಥ ನೀರು, ಕೆಳಗೆ ಬೂದು ಬಣ್ಣದ ಗಂಟುಗಳು. ಆದರೆ ಆ ಸೀಮೆಯ ಯಾವ ಅಡುಗೆಮನೆಯಲ್ಲೂ ಸೌಟು ನಿಂತದ್ದಕ್ಕೆ ಸಾರು ಒಡೆದ ಚರಿತ್ರೆಯೇ ಇಲ್ಲ. ಒಡೆದದ್ದೆಲ್ಲ ಯಾರದೋ ಕಣ್ಣು ಬಿದ್ದು ಒಡೆದದ್ದು. ಕಣ್ಣು ಯಾರದೆಂದು ಗೊತ್ತಾದರೆ ಅಡುಗೆಯವಳು ಬಚಾವು.

ನಿಮಿಯಾ ಮದುವೆಯಾಗಿ ಬಂದ ಹದಿನೈದನೆಯ ದಿನ, ಕಲಿಯುವ ಆಸೆಗೆ, ಅತ್ತೆ ತಿರುವುತ್ತಿದ್ದ ಪಾತ್ರೆಯ ಮೇಲೆ ಬಗ್ಗಿ ನೋಡಿದ್ದಳು. ಅದು ಒಡೆಯಿತು. ನ್ಯಾ ಪಾಬ್ಲಾ ತಲೆಯೆತ್ತಿ ಸೊಸೆಯ ಮುಖ ನೋಡಿದಳು, ಅಷ್ಟೇ. ಗೂಬೆ ಕೂರಿಸಲು ತಲೆಯೊಂದು ಸಿಕ್ಕಿತು. ಅಂದಿನಿಂದ ಸೊಯೊ ಒಲೆಗೇರಿದಾಗಲೆಲ್ಲ ನಿಮಿಯಾ ಕುರ್ಚಿ ಎತ್ತಿಕೊಂಡು ಅಂಗಳದ ಮಾವಿನ ಮರದ ಕೆಳಗೆ, ಮನೆಗೆ ಬೆನ್ನು ಹಾಕಿ ಕೂರಬೇಕಾಯಿತು. ಹಾಗೆ ಕೂತಾಗಲೂ ಸಾರು ಆಗಾಗ ಒಡೆಯುತ್ತಿತ್ತು. ಆಗ, ಅಲ್ಲೇ ಕೂತು ಮನಸ್ಸಿನಲ್ಲೇ ನೋಡಿದಳು ಎನ್ನುತ್ತಿದ್ದರು. ಒಡೆಯದಿದ್ದರೆ ಅತ್ತೆಯ ಕೈಗುಣ, ಒಡೆದರೆ ಸೊಸೆಯ ಕಣ್ಣು. ಇನ್ನೊಂದು ವಿಷಯ ಹೇಳಬೇಕು. ಇಪ್ಪತ್ತೈದು ವರ್ಷವೂ ಆ ಮಾಂಸವನ್ನು ಮುಕ್ಕಾಲು ಗಂಟೆ ಒರಳಿನಲ್ಲಿ ಕುಟ್ಟುತ್ತಿದ್ದವಳು ನಿಮಿಯಾಳೇ. ಕುಟ್ಟುವಾಗ ಅವಳ ಕಣ್ಣಿಗೆ ಯಾವ ದೋಷವೂ ಇರಲಿಲ್ಲ. ರಟ್ಟೆ ನೋಯುವ ಕೆಲಸ ಮುಗಿದ ಮೇಲೆಯೇ ದೋಷ ಬರುತ್ತಿತ್ತು. ಒಡೆದ ಸಾರನ್ನು ಚೆಲ್ಲುವ ಪದ್ಧತಿಯೂ ಆ ಮನೆಯಲ್ಲಿಲ್ಲ. ಒಡೆಸಿದವರೇ ತಿನ್ನಬೇಕು ಎಂದು ನ್ಯಾ ಪಾಬ್ಲಾ ಬೋಗುಣಿ ತುಂಬಿಸಿ ಮುಂದಿಡುತ್ತಿದ್ದಳು. ನಿಮಿಯಾ ಆ ತಣ್ಣಗಿನ ಗಂಟುಗಳನ್ನು, ಆ ಕೊಬ್ಬು ತೇಲುವ ನೀರನ್ನು ಮೂಗು ಹಿಡಿದು ನುಂಗುತ್ತಿದ್ದಳು.

ಹೇಗೋ ನುಂಗಿ ಕಾಲ ಕಳೆದಾಯಿತು. ಆದರೆ ಜುಲೈ ತಿಂಗಳ ಚಳಿಯಲ್ಲಿ ಮಗಳು ಗ್ರಿಸೆಲ್ಡಾ ಹೆತ್ತಳು. ಬಹಳ ರಕ್ತ ಹೋಗಿತ್ತು, ತುಟಿ ಬಿಳುಚಿಕೊಂಡಿತ್ತು. ಆಸ್ಪತ್ರೆಗೆ ಜೊತೆಯಲ್ಲಿ ಹೋದವಳು ನಾದಿನಿ ಡೆಲ್ಫಿನಾ. ನಿಮಿಯಾ ಬೇಡ ಎಂದು ಅಜ್ಜಿಯ ಅಪ್ಪಣೆಯಾಗಿತ್ತು. ಬಾಣಂತಿ ಮನೆಗೆ ಬಂದು ಎಂಟು ದಿನವಾದರೂ ಮೊಮ್ಮಗನ ಮುಖವನ್ನು ನಿಮಿಯಾ ಸರಿಯಾಗಿ ನೋಡಿರಲಿಲ್ಲ. ಕೂಸಿನ ಕೈಗೆ ಕೆಂಪು ದಾರ ಕಟ್ಟಿ, ಮುಖಕ್ಕೆ ತೆಳುಬಟ್ಟೆ ಹೊದಿಸಿ, ಬಾಗಿಲ ಬಳಿ ನ್ಯಾ ಪಾಬ್ಲಾ ಕಾವಲು ಕೂತಿದ್ದಳು. ಕೂಸಿನ ಹೇಲುಬಟ್ಟೆ ಒಗೆಯುವುದಕ್ಕೆ ಮಾತ್ರ ಆ ಕಣ್ಣು ಯಾರಿಗೂ ಅಡ್ಡಿಯಾಗಿರಲಿಲ್ಲ.

"ಸಾರು ಒಡೆಸೋ ಕಣ್ಣು ಹಸಿ ಮೈ ಮೇಲೆ ಬಿದ್ರೆ ಉಳಿಯುತ್ತಾ?" ಎಂದು ಅತ್ತೆ ಕೇಳಿದಳು. "ನಾಳೆ ಬಾಣಂತಿಗೆ ಸೊಯೊ ಮಾಡ್ತೀವಿ. ಒಡೀದೆ ನಿಂತ್ರೆ ನಿನ್ ಕಣ್ಣು ತಣ್ಣಗಾಗಿದೆ ಅಂತ ತಿಳ್ಕೊತೀನಿ, ಕೂಸನ್ನ ಎತ್ಕೊ. ಒಡೀತೋ, ಗ್ರಿಸೆ ಮಗೂನ ಕಟ್ಕೊಂಡು ಕಾರಪೆಗ್ವಾಕ್ಕೆ ಹೋಗ್ಲಿ, ಅತ್ತೆ ಮನೆಗೆ. ಬಾಣಂತನ ಅಲ್ಲೇ ಆಗ್ಲಿ."

"ಅತ್ತೆ, ನನ್ನ ಮಗಳಲ್ವಾ ಅವಳು?"

"ನಿನ್ ಮಗಳು ಅಂತಾನೇ ಹೇಳ್ತಿರೋದು. ಕೂಸು ಉಳೀಬೇಕೋ ಬೇಡ್ವೋ?"

ನಿಮಿಯಾ ಗಂಡನ ಕಡೆ ನೋಡಿದಳು. ಅನ್ಸೆಲ್ಮೊ ಯೆರ್ಬಾ ಸೊಪ್ಪಿನ ಬಿಸಿನೀರು ಹೀರುತ್ತ, ಕೊಳವೆಯಿಂದ ಬಾಯಿ ತೆಗೆಯದೆ ಹೇಳಿದ. "ಬಿಡೆ. ಒಂದು ಗಂಟೆ ಹೊರಗೆ ಕೂತ್ರೆ ಏನು ಸವೆದುಹೋಗ್ತೀಯ?"

ಬೆಳಿಗ್ಗೆ ಅವಳು ಮಾಂಸದಂಗಡಿಗೆ ಹೋಗಿ, ಎಳೆದು ನೋಡಿ, ನರವಿಲ್ಲದ ತೊಡೆಯ ಭಾಗ ಆರಿಸಿದಳು. ಅಂಗಡಿಯವನು ಚಾಕು ಮಸೆಯುತ್ತ, "ಬೇಗ ಆರಿಸವ್ವ, ಉಳಿದ ಮಾಂಸದ ಮೇಲೆ ಕಣ್ಣು ಹಾಕ್ಬೇಡ, ನಾನು ಮಾರ್ಬೇಕು" ಎಂದ. ಅಲ್ಲಿದ್ದ ಮೂವರೂ ನಕ್ಕರು. ನಿಮಿಯಾಳೂ ನಕ್ಕಳು. ದಾರಿಯುದ್ದಕ್ಕೂ ಆ ನಗು ಅವಳ ಬಾಯಿಯಲ್ಲಿ ಹಳಸಿದ ಅನ್ನದ ಹಾಗೆ ಇತ್ತು. ಅವರು ನಗುತ್ತಾರೆ, ಸರಿ. ತಾನು ಯಾಕೆ ಹಲ್ಲು ಕಿರಿದೆ?

ಅವತ್ತು ಕುಟ್ಟಿದಂತೆ ಅವಳು ಎಂದೂ ಕುಟ್ಟಿರಲಿಲ್ಲ. ಎರಡು ಬೆರಳ ನಡುವೆ ತಿಕ್ಕಿದರೆ ಎಳೆ ಸಿಗಬಾರದು, ಅಷ್ಟು ನುಣ್ಣಗೆ. ತಣ್ಣೀರಲ್ಲಿ ಕದಡಿ, ಕೈಯಿಂದಲೇ ಗಂಟು ಒಡೆದು, ಒಗ್ಗರಣೆ ಬಾಡಿಸಿ ಆರಲು ಇಟ್ಟಳು. ಅಷ್ಟರಲ್ಲಿ ಡೆಲ್ಫಿನಾ ತಲೆ ಬಾಚಿಕೊಂಡು, ಕೈ ತೊಳೆದುಕೊಂಡು ಬಂದಳು. ಅತ್ತೆಯ ಭುಜ ಬಿದ್ದ ಮೇಲೆ ಸೌಟು ಅವಳ ಪಾಲಿಗೆ ಬಂದಿತ್ತು.

"ಹೊರಡು ಅತ್ತಿಗೆ. ಕಣ್ಣು ಮುಚ್ಕೊಂಡು ಹೋಗು."

"ಡೆಲ್ಫಿ, ಒಂದು ಮಾತು. ಇವತ್ತು ಮಾತ್ರ ಕೈ ನಿಲ್ಲಿಸ್ಬೇಡ. ನಿನ್ ಕಾಲಿಗೆ ಬೀಳ್ತೀನಿ."

"ನನಗೆ ಸೌಟು ಹಿಡಿಯೋದು ಹೇಳ್ಕೊಡ್ತೀಯಾ?" ಡೆಲ್ಫಿನಾ ಮೂಗು ಮುರಿದಳು. "ನಿನ್ ಕಣ್ಣು ನೀನು ನೋಡ್ಕೊ, ನನ್ ಕೈ ನಾನು ನೋಡ್ಕೊತೀನಿ."

ಮಾವಿನ ಮರದ ಕೆಳಗೆ ತೆಂಕಣ ಗಾಳಿ ಎಲುಬು ಕೊರೆಯುತ್ತಿತ್ತು. ನಿಮಿಯಾ ಬೀದಿಯ ಕಡೆ ಮುಖ ಮಾಡಿ ಕೂತು ಸೌಟಿನ ಸದ್ದು ಕೇಳಿದಳು. ಅಲ್ಲಿ ಕೂತು ಕೂತು ಅವಳಿಗೆ ಕಿವಿಯಲ್ಲೇ ಈ ಅಡುಗೆ ಬರುತ್ತಿತ್ತು. ಮೊದಲು ನೀರು ತಿರುವಿದ ತೆಳು ಸದ್ದು. ಬಿಸಿಯೇರಿದಂತೆ ಸದ್ದು ದಪ್ಪವಾಗುತ್ತದೆ, ಸೌಟು ತಳಕ್ಕೆ ತಾಗುವುದು ಕಡಿಮೆ ಕೇಳಿಸುತ್ತದೆ. ಇನ್ನೇನು ಕುದಿ ಬರಬೇಕು ಎನ್ನುವಾಗ ಕೈ ಜೋರಾಗಬೇಕು. ಇವತ್ತಿನ ಸದ್ದು ದಪ್ಪಗಾಗುತ್ತಿತ್ತು. ಚೆನ್ನಾಗಿ ಬರುತ್ತಿದೆ ಎಂದುಕೊಂಡಳು.

ಆಗ ಫೋನು ಕೂಗಿತು. ಸೌಟು ನಿಂತಿತು.

ಕೈ ಬದಲಾಯಿಸುತ್ತಿರಬೇಕು ಎಂದುಕೊಂಡು ನಿಮಿಯಾ ಉಸಿರು ಬಿಗಿಹಿಡಿದಳು. ಸದ್ದಿಲ್ಲ. ಒಳಗಿನಿಂದ, ಜೋರಾಗಿಟ್ಟ ಫೋನಿನಲ್ಲಿ, ಗಂಡಸಿನ ದನಿಯೊಂದು ಕೇಳಿಸಿತು. ಎನ್‌ಕಾರ್ನಾಸಿಯೋನ್ ಊರಿನ ಲಾರಿಯವನೊಬ್ಬ; ಐದು ತಿಂಗಳಿಂದ ಬರುತ್ತೇನೆ, ಮದುವೆಯಾಗುತ್ತೇನೆ ಎಂದು ದಿನಾ ಫೋನು ಮಾಡುವವನು. ಡೆಲ್ಫಿನಾ ಕಿಲಕಿಲ ನಕ್ಕಳು. ಸೌಟಿನ ಸದ್ದು ಮಾತ್ರ ಇಲ್ಲ. ಎದ್ದು ಹೋಗಿ ಹೇಳಿದರೆ ನೋಡಿದಂತಾಗುತ್ತದೆ. ಹೇಳದಿದ್ದರೆ ಸಾರು ಒಡೆಯುತ್ತದೆ, ಕೂಸು ಕಾರಪೆಗ್ವಾಕ್ಕೆ ಹೋಗುತ್ತದೆ. ನಿಮಿಯಾ ಎದ್ದಳು. ಓಡಿ ಹೋಗಿ ಕಿಟಕಿಯ ಸರಳು ಹಿಡಿದಳು.

"ಡೆಲ್ಫಿನಾ! ಸೌಟು!"

ಡೆಲ್ಫಿನಾ ಹಿತ್ತಿಲ ಬಾಗಿಲಿಗೆ ಒರಗಿ, ಫೋನು ಕಿವಿಗೊತ್ತಿಕೊಂಡು, ಕಾಲ್ಬೆರಳಿಂದ ನೆಲ ಕೆರೆಯುತ್ತಿದ್ದಳು. ಬೆಚ್ಚಿ ತಿರುಗಿದಳು. ಪಾತ್ರೆಯಲ್ಲಿ ಬೂದು ನೊರೆ ಅಂಚಿಗೆ ಏರಿತ್ತು. ಓಡಿ ಬಂದು ಸೌಟು ಹಾಕಿ ಗರಗರ ತಿರುವಿದಳು. ಒಡೆದದ್ದು ಕೂಡುತ್ತದೆಯೇ? ಗಂಟುಗಳು ನೀರಿನಲ್ಲಿ ಸುತ್ತಿದವು, ಅಷ್ಟೇ. ಡೆಲ್ಫಿನಾ ಪಾತ್ರೆ ನೋಡಿದಳು, ಮುಖದಲ್ಲಿ ಭಯ ಬಂತು. ಮತ್ತೆ ಕಿಟಕಿಯಲ್ಲಿದ್ದ ನಿಮಿಯಾಳನ್ನು ನೋಡಿದಳು. ಭಯ ಹೋಗಿ ಸಮಾಧಾನ ಬಂತು.

"ಅಮ್ಮಾ!" ಡೆಲ್ಫಿನಾ ಕೂಗಿದಳು. "ಅತ್ತಿಗೆ ಕಿಟಕೀಲಿ ಇಣುಕಿದ್ಲು! ಒಡೆದೋಯ್ತು!"

ನ್ಯಾ ಪಾಬ್ಲಾ ಕೋಲೂರಿಕೊಂಡು ಬಂದಳು. ಹಿಂದೆಯೇ ಅನ್ಸೆಲ್ಮೊ.

"ನೋಡಿದ್ಯಾ?" ಅತ್ತೆ ಕೇಳಿದಳು.

"ನೋಡ್ದೆ. ಇವಳು ಸೌಟು ಬಿಟ್ಟು ಬಾಗಿಲಲ್ಲಿ ನಿಂತು ಫೋನಲ್ಲಿ..."

"ನೋಡಿದ್ಯಲ್ಲ."

"ಅತ್ತೆ, ಇವಳ ಕೈ ನಿಂತಿತ್ತು. ಅದಕ್ಕೇ ಒಡೀತು. ನನ್ನ ಕಣ್ಣಾರೆ ನೋಡ್ದೆ!"

"ಕಣ್ಣಾರೆ ನೋಡಿದೀನಿ ಅಂತ ನೀನೇ ಹೇಳ್ತಿದೀಯ," ಎಂದಳು ನ್ಯಾ ಪಾಬ್ಲಾ, ಬಹಳ ತಾಳ್ಮೆಯಿಂದ, ದಡ್ಡ ಮಗುವಿಗೆ ಲೆಕ್ಕ ಬಿಡಿಸಿ ತೋರಿಸುವವಳ ಹಾಗೆ. ಅನ್ಸೆಲ್ಮೊ ತಲೆದೂಗಿದ. ಅವನಿಗೂ ಅದು ಸರಿ ಕಂಡಿತು.

ನಿಮಿಯಾ ಕಿಟಕಿಯ ಸರಳು ಬಿಟ್ಟು ಒಳಗೆ ಬಂದಳು. ಈ ಮನೆಯಲ್ಲಿ ಸತ್ಯ ಹೇಳುವುದಕ್ಕೂ ದಾರಿಯಿಲ್ಲ. ನೋಡದಿದ್ದರೆ ಸಾಕ್ಷಿಯಿಲ್ಲ, ನೋಡಿದರೆ ನೋಡಿದ್ದೇ ಅಪರಾಧ. ಎಷ್ಟು ಚೆನ್ನಾಗಿ ಹೆಣೆದ ಬಲೆ! ಇದನ್ನು ಯಾರೂ ಕೂತು ಯೋಚಿಸಿ ಹೆಣೆದದ್ದಲ್ಲ, ಅದೇ ಇನ್ನೂ ಹೇಸಿಗೆ.

"ಡೆಲ್ಫಿ, ಎಷ್ಟು ಸಲ?" ಎಂದು ಕೇಳಿದಳು. "ಇಷ್ಟು ವರ್ಷದಲ್ಲಿ ಎಷ್ಟು ಸಲ ಹೀಗೆ ಸೌಟು ಬಿಟ್ಟು ನನ್ನ ತಲೆಗೆ ಕಟ್ಟಿದೀಯ?"

"ಕಾಕುಪೆ ತಾಯಿ ಆಣೆ, ನನ್ ಕೈ ನಿಂತೇ ಇರ್ಲಿಲ್ಲ," ಎಂದಳು ಡೆಲ್ಫಿನಾ. ಫೋನು ಇನ್ನೂ ಅವಳ ಕೈಯಲ್ಲೇ ಇತ್ತು. ಲಾರಿಯವನ ದನಿ ಅದರೊಳಗಿಂದ 'ನನ್ನ ರಾಣಿ' ಎಂದು ಕರೆಯುತ್ತಲೇ ಇತ್ತು. ಯಾರಿಗೂ ಅದು ಕೇಳಿಸಲಿಲ್ಲ.

"ಗ್ರಿಸೆಗೆ ಬಟ್ಟೆ ಕಟ್ಕೊಳ್ಳೋಕೆ ಹೇಳು," ಎಂದಳು ಅತ್ತೆ ಮಗನಿಗೆ. ಮತ್ತೆ ಮಗಳಿಗೆ, "ಅವಳಿಗೊಂದು ಬೋಗುಣಿ ಬಡಿಸು."

ಬೋಗುಣಿ ಬಂತು. ಅಭ್ಯಾಸಬಲದಿಂದ ನಿಮಿಯಾ ಅದನ್ನು ಕೈಗೆ ತೆಗೆದುಕೊಂಡಳು. ಅಭ್ಯಾಸಬಲದಿಂದಲೇ ಚಮಚ ತುಂಬಿ ಬಾಯಿಗಿಟ್ಟಳು. ಮರಳು ಮರಳಾದ ಗಂಟು ನಾಲಗೆಯ ಮೇಲೆ ಕೂತಿತು. ಮೂವರೂ ನೋಡುತ್ತಿದ್ದರು, ನುಂಗುವುದನ್ನು ಕಾಯುತ್ತಿದ್ದರು. ಅವಳು ನುಂಗಲಿಲ್ಲ. ಅತ್ತೆಯ ಕಾಲ ಬಳಿ ನೆಲಕ್ಕೆ ಉಗಿದಳು, ಬೋಗುಣಿಯನ್ನು ಅಲ್ಲೇ ಬೋರಲು ಹಾಕಿದಳು.

"ಅಯ್ಯೋ, ಇವಳಿಗೇನೋ ಬಡ್ಕೊಂಡಿದೆ," ಎಂದಳು ಡೆಲ್ಫಿನಾ.

"ಬಡ್ಕೊಂಡಿದ್ದು ಈಗಲ್ಲ. ಮದುವೆ ದಿನಾನೇ," ಎಂದು ನಿಮಿಯಾ ಹೊರಟಳು.

ಮತ್ತೆ ಮಾಂಸದಂಗಡಿಗೆ ಹೋದಳು. ಅಂಗಡಿಯವನು ಹಲ್ಲು ಬಿಟ್ಟು ಏನೋ ಹೇಳಲು ಬಂದ, ಅವಳ ಮುಖ ನೋಡಿ ಸುಮ್ಮನೆ ಕೊಯ್ದು ಕೊಟ್ಟ. ಒರಳನ್ನು ಅಂಗಳದ ನಟ್ಟನಡುವೆ ಉರುಳಿಸಿಕೊಂಡು ಬಂದು ಕುಟ್ಟಿದಳು. ಇದ್ದಿಲ ಒಲೆಯನ್ನು ಅಲ್ಲೇ ಹೊತ್ತಿಸಿದಳು. ಜಗಲಿಯಲ್ಲಿ ಅತ್ತೆ, ಗಂಡ, ನಾದಿನಿ. ಗೋಡೆಯಾಚೆ ಅಕ್ಕಪಕ್ಕದ ನಾಲ್ಕಾರು ತಲೆಗಳು. ಸಾರು ಒಡೆಸುವವಳು ಸಾರು ಮಾಡುತ್ತಾಳಂತೆ ಎಂದರೆ ಯಾರು ತಾನೇ ಬರುವುದಿಲ್ಲ?

"ನೋಡಿ," ಎಂದಳು ನಿಮಿಯಾ. "ಎಲ್ಲಾರೂ ಕಣ್ಣು ಬಿಟ್ಕೊಂಡು ನೋಡಿ. ಯಾರ ಕಣ್ಣಲ್ಲಿ ಎಷ್ಟು ವಿಷ ಇದ್ಯೋ ಎಲ್ಲಾ ಹಾಕಿ."

ಹಾಗೆಂದು ಪಾತ್ರೆಯ ಮೇಲೆ ಬಗ್ಗಿದಳು, ಹಬೆ ರೆಪ್ಪೆ ಸುಡುವಷ್ಟು ಹತ್ತಿರ. ರೆಪ್ಪೆ ಮಿಟುಕಿಸದೆ ನೋಡುತ್ತ ಸೌಟು ತಿರುವಿದಳು. ತೆಳು ಸದ್ದು ದಪ್ಪವಾಯಿತು. ಭುಜ ಉರಿಯಿತು. ಕೈ ನಿಲ್ಲಲಿಲ್ಲ. ಅಂಚಿನಲ್ಲಿ ಮೊದಲ ಗುಳ್ಳೆ ಎದ್ದಿತು, ಆಮೇಲೆ ನಡುವೆ. ಒಂದು ಚಿಟಿಕೆ ಒಣ ಒರೆಗಾನೊ ಸೊಪ್ಪು ಉದುರಿಸಿ ಇನ್ನಷ್ಟು ತಿರುವಿದಳು. ಸಾರು ಗಂಜಿಯಂತೆ ಒಂದೇ ಸಮ, ನುಣ್ಣಗೆ, ಕಂದು ಬಣ್ಣಕ್ಕೆ ತಿರುಗಿ ನಿಂತಿತು.

ಅವಳಿಗೆ ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಇಷ್ಟೇನಾ ಅನ್ನಿಸಿತು. ಸೌಟು ನಿಲ್ಲಿಸದಿದ್ದರೆ ಆಯಿತು, ಇಷ್ಟೇನಾ? ಇದಕ್ಕೋಸ್ಕರ ಇಪ್ಪತ್ತೈದು ಚಳಿಗಾಲ ಮರದ ಕೆಳಗೆ ಕೂತೆನಾ? ಪಕ್ಕದ ಮನೆಯವಳು ತನ್ನನ್ನು ಕಂಡು ಕೋಳಿಮರಿಗಳ ಮೇಲೆ ಬುಟ್ಟಿ ಕವುಚಿದಾಗ, ಪಾಪ ಅವಳಿಗೂ ಭಯವಿರುತ್ತದೆ ಎಂದು ಬೇರೆ ದಾರಿ ಹಿಡಿದೆನಾ? ಅವಳಿಗೆ ತನ್ನ ಮೈಯನ್ನೇ ಪರಚಿಕೊಳ್ಳಬೇಕೆನಿಸಿತು.

ನ್ಯಾ ಪಾಬ್ಲಾ ಬೋಗುಣಿ ಚಾಚಿದಳು. ಊದಿ ಊದಿ ಕುಡಿದಳು. ಮೆಕ್ಕೆಜೋಳದ ದಪ್ಪ ರೊಟ್ಟಿ ಮುರಿದು ಅದ್ದಿದಳು.

"ನಿಂತಿದೆ," ಎಂದಳು. "ಅವರವರ ಕಣ್ಣು ಅವರವರ ಪಾತ್ರೆಗೆ ತಾಗಲ್ಲ. ನನಗೆ ಮೊದ್ಲೇ ಗೊತ್ತಿತ್ತು."

"ಸೊಗಸಾಗಿದೆ ಕಣೆ," ಎಂದ ಅನ್ಸೆಲ್ಮೊ, ಮೀಸೆಯ ಮೇಲಿನ ಕೊಬ್ಬು ಒರೆಸಿಕೊಂಡು. "ಇಷ್ಟು ವರ್ಷ ಯಾಕೆ ಮಾಡ್ಲಿಲ್ಲ ನೀನು?"

ನಿಮಿಯಾ ಅವನ ಮುಖವನ್ನೇ ನೋಡಿದಳು. ಅವನು ತಮಾಷೆ ಮಾಡುತ್ತಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದ. ಡೆಲ್ಫಿನಾ ತಲೆ ತಗ್ಗಿಸಿ ಲೊಚಲೊಚ ತಿನ್ನುತ್ತಿದ್ದಳು. ಒಂದು ಸಲವೂ ಮೇಲೆ ನೋಡಲಿಲ್ಲ, ಬೋಗುಣಿಯನ್ನೂ ಕೆಳಗಿಡಲಿಲ್ಲ.

"ಸಾರು ನಿಂತಿದೆ ಅಲ್ವಾ ಅತ್ತೆ," ಎಂದಳು ನಿಮಿಯಾ. "ಮಾತು ಕೊಟ್ಟಿದ್ರಿ. ಕೂಸನ್ನ ಎತ್ಕೊತೀನಿ."

"ಅದು ಬೆಳಗಿನ ಸಾರಿನ ಮಾತು," ಎಂದು ನ್ಯಾ ಪಾಬ್ಲಾ ಬೋಗುಣಿಯನ್ನು ಇನ್ನೊಮ್ಮೆ ಚಾಚಿದಳು. "ಇನ್ನೊಂದು ಸೌಟು ಹಾಕು. ತಳದಿಂದ ತೆಗೆದು ಹಾಕು."

ಜಗಲಿಯಲ್ಲಿ ಮೂರು ಬಾಯಿಗಳು ಅವಳ ಸಾರನ್ನು ಹೀರುತ್ತಿದ್ದವು. ಅತ್ತೆಯ ಬೋಗುಣಿಗೆ ಹಾಕಬೇಕಿದ್ದ ಸೌಟನ್ನು ಬೇರೊಂದು ಬೋಗುಣಿಗೆ ಸುರಿದುಕೊಂಡು, ಚಾಚಿದ ಕೈಯನ್ನು ದಾಟಿ ಒಳಗೆ ಹೋದಳು.

ಗ್ರಿಸೆಲ್ಡಾ ಗೋಡೆಗೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಕಟ್ಟಿದ ಬಟ್ಟೆಗಂಟು, ಅದರ ಪಕ್ಕ ಹೊದಿಕೆಯಲ್ಲಿ ಕೂಸು. ಸಾರಿನ ವಾಸನೆಗೆ ಅವಳ ಬಿಳುಚಿದ ಮುಖ ಅರಳಿತು. ಬೋಗುಣಿ ಇಸಿದುಕೊಂಡು ಆತುರಾತುರವಾಗಿ ಕುಡಿದಳು, ತಳವನ್ನು ಬೆರಳಲ್ಲಿ ಬಳಿದಳು.

"ಅಮ್ಮ, ಇಂಥಾದ್ದು ನಾನು ತಿಂದೇ ಇಲ್ಲ. ನಿಜವಾಗ್ಲೂ ನೀನೇ ಮಾಡಿದ್ದಾ?"

"ನಾನೇ. ಕಣ್ಣು ತೆರೆದುಕೊಂಡೇ ಮಾಡ್ದೆ."

ಗ್ರಿಸೆಲ್ಡಾ ನಕ್ಕಳು. ಹೆತ್ತು ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನಿಮಿಯಾಳಿಗೂ ನಗು ಬಂತು. ಖಾಲಿ ಬೋಗುಣಿ ತೆಗೆದಿಟ್ಟು ಹಾಸಿಗೆಯ ಅಂಚಿಗೆ ಕೂತು, ಕೂಸಿನ ಕಡೆ ಬಗ್ಗಿದಳು. ಗ್ರಿಸೆಲ್ಡಾಳ ಮುಖದ ಮೇಲೆ ನಗು ಇನ್ನೂ ಇತ್ತು. ಕೈ ಮಾತ್ರ ತಾನಾಗಿ ಹೋಗಿ ಕೂಸಿನ ಮುಖದ ಮೇಲೆ ಬಟ್ಟೆ ಎಳೆಯಿತು.

ಇಬ್ಬರೂ ಆ ಕೈಯನ್ನು ನೋಡಿದರು.

ಗ್ರಿಸೆಲ್ಡಾ ಆರು ವರ್ಷದವಳಿದ್ದಾಗ ಒಂದು ದಿನ ಮರದ ಕೆಳಗೆ ಬಂದು, ಅಮ್ಮ, ನಿನ್ನ ಕಣ್ಣಲ್ಲಿ ಏನಿದೆ ಎಂದು ಕೇಳಿದ್ದಳು. ಒಳಗೆ ಹೋಗು ಮಗಳೇ, ನನ್ನನ್ನು ಹಾಗೆ ನೋಡಬೇಡ, ಒಳ್ಳೆಯದಲ್ಲ ಎಂದಿದ್ದಳು ನಿಮಿಯಾ. ಅಜ್ಜಿ ಹೇಳಿಕೊಟ್ಟದ್ದಲ್ಲ, ಡೆಲ್ಫಿನಾ ಹೇಳಿಕೊಟ್ಟದ್ದಲ್ಲ. ಈ ಕೈಗೆ ಈ ಪಾಠ ಹೇಳಿದವಳು ತಾನೇ. ಬೆಳಗಿನಿಂದ ಎಲ್ಲರ ಮೇಲೂ ಬಂದ ಅಸಹ್ಯವೆಲ್ಲ ಒಟ್ಟಾಗಿ ತಿರುಗಿ ಅವಳ ಮೇಲೆಯೇ ಬಂದು ಬಿತ್ತು.

"ಬಟ್ಟೆ ತೆಗಿ ಗ್ರಿಸೆ."

"ಅಜ್ಜಿ ಬೈತಾರೆ."

"ಅಜ್ಜಿ ಊಟ ಮಾಡ್ತಿದಾರೆ. ತೆಗಿ."

"ನನಗೆ ಅದರಲ್ಲೆಲ್ಲ ನಂಬಿಕೆ ಇಲ್ಲಮ್ಮ," ಗ್ರಿಸೆಲ್ಡಾಳ ಕಣ್ಣು ತುಂಬಿತು. "ದೇವರಾಣೆಗೂ ಇಲ್ಲ. ಆದ್ರೆ... ಕೂಸು ಅಲ್ವಾ? ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

ನಿಮಿಯಾ ಬಟ್ಟೆಯನ್ನು ತಾನೇ ಸರಿಸಿದಳು. ಕೂಸು ಎಚ್ಚರವಾಗಿತ್ತು. ಕೆಂಪಗೆ, ಸುಕ್ಕು ಸುಕ್ಕಾಗಿ, ಒಂದು ಹುಬ್ಬು ಮೇಲೆತ್ತಿ, ಯಾರ ಪರಿವೆಯೂ ಇಲ್ಲದೆ ಅವಳ ಕಡೆಗೇ ಕಣ್ಣು ನೆಟ್ಟಿತ್ತು. ನಿಮಿಯಾ ಎರಡೂ ಕೈ ಕೆಳಗೆ ಹಾಕಿ ಅವನನ್ನು ಎತ್ತಿಕೊಂಡಳು, ಮುಖಕ್ಕೆ ಮುಖ ತಂದು ಕಣ್ತುಂಬ ನೋಡಿದಳು. ಗ್ರಿಸೆಲ್ಡಾ ಕಿರುಚಲಿಲ್ಲ, ಅಜ್ಜಿಯನ್ನು ಕರೆಯಲಿಲ್ಲ, ಕೂಸನ್ನು ಕಿತ್ತುಕೊಳ್ಳಲಿಲ್ಲ. ಹೊದಿಕೆಯ ಒಂದು ತುದಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು. ತಾಯಿ ಕೂಸನ್ನು ಎತ್ತಿಕೊಂಡಿದ್ದಷ್ಟು ಹೊತ್ತೂ ಅದನ್ನು ಬಿಡಲಿಲ್ಲ.